ಕಪಾಟಿನೊಳಗಿನ ಹರಳು ಮತ್ತು ಮೂರನೆಯ ಏಟು

ನಿಮ್ಮ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ ಉಳಿದ ತಾಯಂದಿರಿಗೆ ಒಂದು ಶಬ್ದ ಸಾಕಾಗುತ್ತದೆ. ಡಾಕ್ಟರು, ಬ್ಯಾಂಕು, ಟೀಚರು. ನನಗೆ ಹತ್ತು ನಿಮಿಷ ಬೇಕು. ಕೇಳಿದವರು ಕುಳಿತಿದ್ದರೆ ಇನ್ನೂ ಒಳ್ಳೆಯದು. ನಿಜ ಹೇಳಬೇಕೆಂದರೆ ಆ ಹತ್ತು ನಿಮಿಷ ನನಗೆ ಬಹಳ ಇಷ್ಟ. ಲಿಫ್ಟಿನಲ್ಲಿ ಯಾರಾದರೂ ಕೇಳಿದಾಗ, ನನ್ನ ಮಹಡಿ ಬಂದರೂ ಇಳಿಯದೆ ಅವರ ಮಹಡಿಯವರೆಗೆ ಹೋಗಿ, ಬಾಗಿಲು ಹಿಡಿದು ನಿಂತು ಮುಗಿಸಿ ಬಂದವಳು ನಾನು.

ನಮ್ಮ ಪಲ್ಲವಿ ಇಲ್ಲೇ, ಮರಾಠಿ ಸೀಮೆಯ ಸಂಭಾಜಿನಗರದಲ್ಲಿ ಪಿಎಚ್‌.ಡಿ. ಮಾಡುತ್ತಾಳೆ. ವೈಜಾಪುರದ ಕಡೆಯ ಈರುಳ್ಳಿ ಹೊಲದ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಇದೆ. ಬೆಳೆಗೆ ಹೊಡೆದ ಔಷಧದ ವಿಷವನ್ನು ಅದು ಅಗಿದು ನಿರಪಾಯ ಮಾಡಿಬಿಡುತ್ತದೆ. ಅಗಿಯುವ ಕೆಲಸ ಅದರೊಳಗಿನ ಒಂದು ಕಿಣ್ವದ್ದು. ಆ ಕಿಣ್ವದ ದವಡೆ ಎಲ್ಲಿದೆ, ಹಲ್ಲು ಹೇಗಿದೆ ಎಂದು ಕಂಡುಹಿಡಿಯುವುದು ನನ್ನ ಮಗಳ ಕೆಲಸ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣುವುದಿಲ್ಲ, ಎಕ್ಸ್‌-ರೇ ಬೇಕು. ಒಂಟಿ ಕಣ ಎಕ್ಸ್‌-ರೇಗೂ ಸಾಲದು, ಲಕ್ಷಗಟ್ಟಲೆ ಕಣಗಳು ಸಾಲಾಗಿ ನಿಲ್ಲಬೇಕು. ಕಲಬುರಗಿಯ ನಮ್ಮ ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆಗೆ ಸಿಸ್ಟರ್ ನಮ್ಮನ್ನು ಒಂದು ತೋಳಿನ ಅಂತರದಲ್ಲಿ ನಿಲ್ಲಿಸುತ್ತಿದ್ದರಲ್ಲ, ಹಾಗೆ. ಹಾಗೆ ನಿಂತಾಗ ಅದು ಹರಳು. ಹರಳಿನ ಮೂಲಕ ಹಾಯ್ದ ಕಿರಣ ಆಚೆ ಕಡೆ ಚುಕ್ಕಿಚುಕ್ಕಿಯಾಗಿ ಬೀಳುತ್ತದೆ. ಆ ಚುಕ್ಕಿಗಳಿಂದ ಲೆಕ್ಕ ಹಾಕಿ ಕಿಣ್ವದ ಆಕಾರ ತೆಗೆಯುತ್ತಾರೆ. ನೋಡಿ, ನಿಮಗೂ ಹೇಳಿಬಿಟ್ಟೆ.

ಕಷ್ಟವೆಂದರೆ ಈ ಕಿಣ್ವಕ್ಕೆ ಸಾಲಿನಲ್ಲಿ ನಿಲ್ಲುವ ಮನಸ್ಸೇ ಇರಲಿಲ್ಲ. ಎರಡು ವರ್ಷ ಮಗಳು ಉಪ್ಪು ಬದಲಿಸಿದಳು, ಹುಳಿ ಬದಲಿಸಿದಳು, ತಂಪು ಬದಲಿಸಿದಳು. ಸಾರು ಕೆಟ್ಟಾಗ ನಾನು ಮಾಡುವುದೂ ಅದನ್ನೇ. ಆದರೆ ನನ್ನ ಸಾರು ಅರ್ಧ ಗಂಟೆಯಲ್ಲಿ ದಾರಿಗೆ ಬರುತ್ತದೆ. ತಟ್ಟೆಯಲ್ಲಿಟ್ಟ ಅವಳ ಕಿಣ್ವದ ಹನಿಗಳು ಒಂದೋ ಹನಿಯಾಗಿಯೇ ಉಳಿಯುತ್ತಿದ್ದವು, ಇಲ್ಲವೇ ಒಡೆದ ಹಾಲಿನಂತಾಗುತ್ತಿದ್ದವು. ಅಷ್ಟರಲ್ಲಿ ಬೇರೆ ಊರಿನ ದೊಡ್ಡ ಎಕ್ಸ್‌-ರೇ ಯಂತ್ರದಲ್ಲಿ ಅವಳಿಗೆ ಡಿಸೆಂಬರಿನ ಪಾಳಿ ಸಿಕ್ಕಿತು. ಆ ಹೊತ್ತಿಗೆ ಹರಳು ಇಲ್ಲದಿದ್ದರೆ ಪಾಳಿ ಬೇರೆಯವರಿಗೆ. ಇವಳು ಇನ್ನೊಂದು ವರ್ಷ ಕಾಯಬೇಕು.

ದಸರೆ ರಜೆ ಬಂತು. ಅವಳ ಲ್ಯಾಬಿನ ಮೇಲಿನ ಮಹಡಿಯಲ್ಲಿ ನೆಲದ ಫರಶಿ ಕಲ್ಲು ಒಡೆಯುವ ಕೆಲಸ ಶುರುವಾಯಿತು. ಹನಿಗಳಿಗೆ ಅಲುಗಾಟ ಆಗದು. ಹಾಗಾಗಿ ಎರಡು ತಟ್ಟೆ ಹನಿಗಳು ಥರ್ಮಾಕೋಲ್ ಡಬ್ಬಿಯಲ್ಲಿ ನಮ್ಮ ಮನೆಗೆ ಬಂದವು. ವಾಳೂಜಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಕೂದಲೆಳೆ ಅಳತೆಗೆ ತಪಾಸಣೆ ಮಾಡುವ ನಮ್ಮ ಯಜಮಾನರು ಕಾರು ಎಷ್ಟು ಜೋಪಾನವಾಗಿ ಓಡಿಸಿದರೆಂದರೆ, ಬಾಳೆಹಣ್ಣಿನ ಕೈಗಾಡಿಯವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋದ. ನನ್ನ ಇಳಕಲ್ ಸೀರೆಗಳನ್ನು ಹೊರಗೆ ಹಾಕಿ ಕಪಾಟಿನ ಕೆಳ ಖಾನೆಯಲ್ಲಿ ಡಬ್ಬಿ ಇಟ್ಟೆವು. ಬೇಸಿಗೆಯಲ್ಲೂ ಇಪ್ಪತ್ತಾರಕ್ಕಿಂತ ಕೆಳಗೆ ಇಳಿಯದ ನಮ್ಮ ಏಸಿ, ಹಗಲೂ ರಾತ್ರಿ ಇಪ್ಪತ್ತರಲ್ಲಿ ನಿಂತಿತು.

ಪಲ್ಲವಿಗೆ ಐದು ದಿನ ನಾಸಿಕ್‌ನಲ್ಲಿ ತರಬೇತಿ. ಹೊರಡುವಾಗ ತನ್ನ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದಳು: "ಮಮ್ಮಿ, ಹಾತ್ ಲಾವೂ ನಕೋಸ್. ಮುಟ್ಟಬ್ಯಾಡ, ತಗೀಬ್ಯಾಡ. ಕುಟ್ಟೋದು ಬಿಲ್ಕುಲ್ ಬ್ಯಾಡ. ಆಜಿಗಿ ಸಾಂಗ್, ನೀನೇ ಹೇಳು."

ಆಜಿ ಎಂದರೆ ನಮ್ಮ ಅತ್ತೆ. ಬೀದರ್ ಜಿಲ್ಲೆಯವರು. ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಒರಳಿನಲ್ಲಿ ಕುಟ್ಟಿದರೇ ರುಚಿ ಎಂದು ನಂಬಿದವರು. ಎರಡು ದಿನ ಹಿಂಡಿ ಇಲ್ಲದೆ ರೊಟ್ಟಿ ತಿಂದರು. ನನ್ನ ಮೇಲಿನ ಪ್ರೀತಿಯಿಂದಲ್ಲ, ಮೊಮ್ಮಗಳ ಮೇಲಿನ ಪ್ರೀತಿಯಿಂದ. ಮೂರನೆಯ ದಿನ ಖಂಡೇನವಮಿ, ಹತಾರಗಳಿಗೆ ಪೂಜೆ. ಯಜಮಾನರ ಕಾರು, ನನ್ನ ಮಿಕ್ಸರು, ಹೊಲಿಗೆ ಯಂತ್ರ, ಈಳಿಗೆ ಮಣೆ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ ಆದ ಮೇಲೆ ಅತ್ತೆ ಕಪಾಟಿದ್ದ ಕೋಣೆಯ ಕಡೆ ನಡೆದರು.

"ಅತ್ತಿ, ಅದನ್ನ ಮುಟ್ಟಬಾರ್ದಂತ್ರಿ," ಎಂದೆ.

"ನಾ ಎಲ್ಲಿ ಮುಟ್ಟತೀನಿ? ಈಬತ್ತಿ ಮುಟ್ಟತದ."

"ಕಾಯಿ ಆದ್ರೂ ಹೊರಗ ಒಡೀರಿ. ಬ್ಯಾಡ್ರಿ ಇಲ್ಲಿ."

"ನಿನ್ನ ಮಿಕ್ಸರಿಗಿ ಕಾಯಿ ಒಡದೀನಿ. ಎರಡು ವರ್ಷ ಕಣ್ಣು ಕೆಡಿಸ್ಕೊಂಡದ ಕೂಸು, ಅದರ ಹತಾರ ಏನ್ ಪಾಪ ಮಾಡ್ಯಾದ?"

ನಾನು ಅವರ ಸೆರಗು ಹಿಡಿದೆ, ಅಷ್ಟೇ. ಕಾನ್ವೆಂಟು ನನಗೆ ಚೆಂದದ ಅಕ್ಷರ ಕಲಿಸಿತು, ಹಿರಿಯರಿಗೆ ಎದುರು ಮಾತಾಡುವುದನ್ನು ಕಲಿಸಲಿಲ್ಲ. ಅತ್ತೆ ಡಬ್ಬಿಯ ಮುಚ್ಚಳಕ್ಕೆ ಮೂರು ಬೆರಳಿನ ಈಬತ್ತಿ ಎಳೆದು, ಕುಂಕುಮ ಇಟ್ಟು, ಕಪಾಟಿನ ಬುಡದಲ್ಲೇ ಒರಳಿನ ಕಲ್ಲಿಟ್ಟು ಕಾಯಿ ಹೊಡೆದರು. ಗಟ್ಟಿ ಕಾಯಿ. ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಮೂರನೆಯದಕ್ಕೆ ಕಾಯಿ ಎರಡಾಯಿತು. ಡಬ್ಬಿ ಒಂದು ಉಗುರಿನಷ್ಟು ಮುಂದೆ ಬಂತು. ಉಗುರಿನಷ್ಟೇ. ಆದರೆ ನಾನು ನೋಡಿದೆ. ಸಂಜೆ ಒದ್ದೆ ಬಟ್ಟೆಯಿಂದ ಮುಚ್ಚಳ ಒರೆಸಿದೆ. ಗುಲಾಬಿ ಬಣ್ಣದ ಕಲೆಯೊಂದು ಉಳಿಯಿತು.

ಮಗಳು ಬಂದಳು, ತಟ್ಟೆಗಳನ್ನು ಲ್ಯಾಬಿಗೆ ಒಯ್ದಳು, ಮಧ್ಯಾಹ್ನ ಫೋನು ಮಾಡಿದಳು. ಧ್ವನಿ ಬಹಳ ಮೆಲ್ಲಗಿತ್ತು, ಜೋರಾಗಿ ಮಾತಾಡಿದರೆ ಅದು ಓಡಿಹೋದೀತು ಎಂಬಂತೆ. "ಮಮ್ಮಿ, ಒಂದು ಹನಿಯೊಳಗ ಹರಳು ಬಂದದ."

ನಾನು ಸಕ್ಕರೆ ಹಂಚಿದೆ. ಆರೂ ಮಹಡಿಗೆ. ಡಬ್ಬಿಯ ವಿಷಯ ಬಾಯಿ ಬಿಡಲಿಲ್ಲ.

ನಾಲ್ಕು ದಿನದ ಮೇಲೆ, ಕೂದಲಿನಂಥ ನೂಲಿನ ಕುಣಿಕೆಯಲ್ಲಿ ಹನಿಯಿಂದ ಎತ್ತುವಾಗ ಆ ಒಂದೇ ಹರಳು ಸೀಳಿಹೋಯಿತು. ಪಲ್ಲವಿ ಮತ್ತೆ ಅದೇ ಉಪ್ಪು, ಅದೇ ಹುಳಿ, ಅದೇ ಇಪ್ಪತ್ತು ಡಿಗ್ರಿ ಇಟ್ಟಳು. ಬರಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ನವೆಂಬರ್ ಅರ್ಧ ಮುಗಿಯಿತು. ಅವಳ ಗೈಡ್ ಹೇಳಿದರಂತೆ, ಒಮ್ಮೆ ಬಂದದ್ದು ಮತ್ತೆ ಬಾರದಿದ್ದರೆ ಯಾವುದೋ ಒಂದು ವಿಷಯ ನಮ್ಮ ಪ್ರಯೋಗದ ವಹಿಯಲ್ಲಿ ಬರೆದಿಲ್ಲ ಎಂದರ್ಥ. ಮಗಳು ಊಟದ ಮೇಜಿನ ಮೇಲೆ ದೊಡ್ಡ ವಹಿ ಹರವಿ ನನ್ನನ್ನು ವಿಚಾರಣೆಗೆ ಕೂರಿಸಿದಳು. ಲೈಟು ಹೋಗಿತ್ತಾ? ಇಲ್ಲ. ಏಸಿ ನಿಂತಿತ್ತಾ? ಇಲ್ಲ. ಏನಾರ ಆಗಿತ್ತಾ? ಇಲ್ಲ ಎಂದೆ. ಅವಳು ಬರೆದುಕೊಂಡಳು. ಎದುರು ಕೂತು ತಲೆಕೆಳಗಾಗಿಯೇ ಓದಿದೆ: ತಾಯಿಯ ಹೇಳಿಕೆ, ವಿಶೇಷ ಏನೂ ಇಲ್ಲ.

ಸುಳ್ಳು ಬಾಯಲ್ಲಿದ್ದಾಗ ಇಷ್ಟು ಕೆಟ್ಟದಾಗಿ ಕಾಣಿಸಿರಲಿಲ್ಲ. ವಿಜ್ಞಾನದ ವಹಿಯಲ್ಲಿ, ತಾರೀಖಿನ ಪಕ್ಕದಲ್ಲಿ, ನನ್ನ ಮಗಳ ಅಂದವಾದ ಅಕ್ಷರದಲ್ಲಿ ಅದನ್ನು ನೋಡಲಾಗಲಿಲ್ಲ. "ಪಲ್ಲೂ, ಅದು ಅಳಿಸು," ಎಂದು ಎಲ್ಲ ಹೇಳಿದೆ.

ಅವಳು ಸಿಟ್ಟಾಗುತ್ತಾಳೆಂದು ಕಾದೆ. ಅವಳು ಕುರ್ಚಿಯನ್ನು ಆಜಿಯ ಕಡೆ ತಿರುಗಿಸಿದಳು. "ಆಜಿ, ಎಷ್ಟು ಏಟು?"

"ಮೂರು. ಎರಡು ಹಗೂರ, ಒಂದು ಜೋರ್."

"ಕಿತೀ ವಾಜತಾ? ಎಷ್ಟು ಗಂಟೆಗಿ?"

"ಮಂಗಳಾರತಿ ಆದಮ್ಯಾಲ. ಹನ್ನೊಂದಾಗಿತ್ತು. ಬರ್ಕೋ."

ಬರೆದುಕೊಂಡಳು. ಅತ್ತೆ ಸೆರಗು ಸರಿಮಾಡಿಕೊಂಡು ಕೂತರು, ಫೋಟೊ ತೆಗೆಸಿಕೊಳ್ಳುವವರಂತೆ.

ಮುಂದಿನ ವಾರ ಅವಳು ಎರಡು ತಟ್ಟೆ ಇಟ್ಟಳು. ಒಂದನ್ನು ಮುಟ್ಟಲಿಲ್ಲ. ಇನ್ನೊಂದನ್ನು ಮೂರನೆಯ ದಿನ ಹನ್ನೊಂದು ಗಂಟೆಗೆ ಮೇಜಿಗೆ ಕುಟ್ಟಿದಳು, ಎರಡು ಹಗುರ, ಒಂದು ಜೋರು. ಮುಟ್ಟದ ತಟ್ಟೆ ನೀರಾಗಿಯೇ ಉಳಿಯಿತು. ಕುಟ್ಟಿದ್ದರಲ್ಲಿ ನಾಲ್ಕು ಹನಿಗಳಲ್ಲಿ ಹರಳು. ಒಮ್ಮೆ ಆದದ್ದು ಸಾಕ್ಷಿಯಲ್ಲ ಎಂದು ಇನ್ನೊಮ್ಮೆ ಮಾಡಿದಳು, ಮತ್ತೆ ಬಂತು. ಸಾಲಿಗೆ ನಿಲ್ಲಲು ಹಿಂಜರಿಯುವ ಕಣಗಳಿಗೆ ಕೆಲವೊಮ್ಮೆ ಒಂದು ಸಣ್ಣ ಧಕ್ಕೆ ಸಾಕಾಗುತ್ತದಂತೆ. ಡಿಸೆಂಬರಿನಲ್ಲಿ ಹರಳುಗಳು ಯಂತ್ರದ ಮುಂದೆ ನಿಂತವು, ಚುಕ್ಕಿಗಳು ಬಿದ್ದವು, ಚಳಿಗಾಲ ಮುಗಿಯುವಷ್ಟರಲ್ಲಿ ಆಕಾರ ಬಂತು.

ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಜಡೆಗೆ ಕಟ್ಟುವ ರಿಬ್ಬನ್ನುಗಳನ್ನು ಯಾರೋ ಸುರುಳಿ ಸುತ್ತಿ ಮಡಚಿಟ್ಟಂತೆ ಇತ್ತು, ನಡುವೆ ಒಂದು ಪೊಳ್ಳು. "ಇದೇ ಬಾಯಿ, ಮಮ್ಮಿ." ಜಗತ್ತಿನಲ್ಲಿ ಇದನ್ನು ಮೊದಲು ನೋಡಿದವಳು ನನ್ನ ಮಗಳು. ಪೊಳ್ಳಿನ ಪಕ್ಕದಲ್ಲಿ ಒಂದು ಎಳೆ ಮಾತ್ರ ಹೊರಗೆ ಜೋತುಬಿದ್ದಿತ್ತು. ಅದೇನು ಎಂದು ಕೇಳಿದೆ. ಅವಳು ನನ್ನ ಕಡೆ ತಿರುಗಿ, "ಅದೇ ಗೊತ್ತಿಲ್ಲ. ಗೈಡ್ ಸುದ್ಧಾ ಅದೇ ಕೇಳಿದ್ರು," ಎಂದಳು. ಆ ದಿನ ಹಿಗ್ಗಿನಲ್ಲಿ ನಾನು ರೊಟ್ಟಿ ಕರಕಲು ಮಾಡಿದೆ, ಎರಡು.

ಚೈತ್ರದ ಹಳದಿ-ಕುಂಕುಮಕ್ಕೆ ಆರೂ ಮಹಡಿಯ ಹೆಂಗಸರು ನಮ್ಮ ಮನೆಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ, ಅದು ಹೇಗೆ ಬಂತೋ ಗೊತ್ತಿಲ್ಲ, "ನಾನೇ ಅತ್ತೆಗೆ ಹೇಳಿದೆ, ಕಾಯಿ ಇಲ್ಲೇ ಒಡೀರಿ ಅಂತ," ಎಂದುಬಿಟ್ಟೆ.

ಮೂಲೆಯಿಂದ ಅತ್ತೆ ತಣ್ಣಗೆ ಹೇಳಿದರು: "ಸುಳ್ಳ್ಯಾಕ ಹೇಳ್ತಿ? ಬ್ಯಾಡ್ರಿ ಬ್ಯಾಡ್ರಿ ಅಂತ ನನ್ನ ಸೆರಗ ಹಿಡದಾಕಿ ನೀನೇ ಅಲ್ಲೇನ್?"

ಮಾವಿನಕಾಯಿ ಪಾನಕ, ಪನ್ಹೆ, ತರುವ ನೆಪದಲ್ಲಿ ನಾನು ಅಡುಗೆಮನೆಗೆ ಹೋದೆ. ಹೊರಗೆ ಅತ್ತೆ ಶುರುಮಾಡಿದ್ದರು. ಅರ್ಧ ಮರಾಠಿ, ಅರ್ಧ ಬೀದರಿನ ಕನ್ನಡದಲ್ಲಿ ಹೊಲ, ವಿಷ, ದವಡೆ, ಸಾಲು, ಚುಕ್ಕಿ. ಒಬ್ಬರೂ ಏಳಲಿಲ್ಲ. ನನಗಿಂತ ಚೆನ್ನಾಗಿ ಹೇಳುತ್ತಿದ್ದರು, ಅದೂ ಆರೇ ನಿಮಿಷದಲ್ಲಿ. ಪನ್ಹೆಯ ಜಗ್ಗು ಹಿಡಿದು, ಅವರು ಮುಗಿಸುವವರೆಗೆ ಬಾಗಿಲಲ್ಲೇ ನಿಂತು ಕೇಳಿದೆ.