ನನ್ನ ಎಡ ಶ್ವಾಸಕೋಶದ ಒತ್ತುವರಿದಾರರಿಗೆ

ಮಾನ್ಯ ಗಡ್ಡೆಯವರೇ,

ಸೊರಬ ತಾಲ್ಲೂಕಿನಲ್ಲಿ ಮೂವತ್ತೊಂದು ವರ್ಷ ಸರಪಳಿ ಹಿಡಿದು ಜಮೀನು ಅಳೆದು, ಈಗ ಶಿಕಾರಿಪುರದಲ್ಲಿ ನೆಲೆಸಿರುವ ನಿವೃತ್ತ ಭೂಮಾಪಕ ಉಜ್ಜಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ನನ್ನ ಎದೆಯೊಳಗೆ ಕ್ಷೇಮವಾಗಿದ್ದೀರೆಂದು ಸ್ಕ್ಯಾನಿನಿಂದ ತಿಳಿಯಿತು. ಇತ್ತ ನಾನೂ ಕ್ಷೇಮವೆಂದು ಬರೆಯುವುದು ವಾಡಿಕೆಯಾದರೂ, ತಮ್ಮ ದಯೆಯಿಂದ ಆ ವಾಕ್ಯವನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ.

ಮೊದಲಿಗೆ ಅಭಿನಂದನೆ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದದ ನನ್ನನ್ನು ಹುಡುಕಿಕೊಂಡು ಬಂದು ತಾವು ತೋರಿದ ನಿಷ್ಪಕ್ಷಪಾತವನ್ನು ನಾನು ಯಾವ ಅಧಿಕಾರಿಯಲ್ಲೂ ಕಂಡಿಲ್ಲ. ನೋಡಲು ಬರುವವರೆಲ್ಲ ಬ್ರೆಡ್ಡಿನ ಪೊಟ್ಟಣ ಕೈಗಿಟ್ಟು, "ಕದ್ದು ಸೇದ್ತಿದ್ರೇನ್ರೀ?" ಎಂದು ಪಿಸುಗುಟ್ಟುತ್ತಾರೆ. ಇಲ್ಲವೆಂದರೆ ನಂಬುವುದಿಲ್ಲವಾದ್ದರಿಂದ, ಈಗೀಗ ದಿನಕ್ಕೆ ಎರಡು ಕಟ್ಟು ಎಂದು ಹೇಳಿ ಸಮಾಧಾನಪಡಿಸಿ ಕಳುಹಿಸುತ್ತಿದ್ದೇನೆ. ಬ್ರೆಡ್ಡಿನ ರುಚಿ ಹತ್ತಿದ ನಮ್ಮ ಹನ್ನೊಂದು ಕುರಿಗಳು ಹುಲ್ಲಿನತ್ತ ತಿರುಗಿಯೂ ನೋಡುತ್ತಿಲ್ಲ; ಗೇಟಿನ ಸದ್ದಾದರೆ ನನಗಿಂತ ಮೊದಲು ಅವೇ ಹೋಗಿ ಬಂದವರನ್ನು ಬರಮಾಡಿಕೊಳ್ಳುತ್ತವೆ.

ಇನ್ನು ತಮ್ಮ ಒತ್ತುವರಿಯ ವಿಚಾರ. ಬಿಡದ ಕೆಮ್ಮಿಗೆಂದು ಊರಿನಲ್ಲಿ ತೆಗೆಸಿದ ಮೊದಲ ಸ್ಕ್ಯಾನು ನೋಡಿದ ಡಾಕ್ಟರು ಮೂರು ಸೆಂಟಿಮೀಟರ್ ಗಡ್ಡೆಯಿದೆ, ತಡಮಾಡದೆ ಶಿವಮೊಗ್ಗಕ್ಕೆ ಹೋಗಿ ಎಂದಾಗ ನಾನು ಮಾಡಿದ ತಪ್ಪನ್ನು ಬೇರೆ ಕಸುಬಿನವನು ಮಾಡುತ್ತಿರಲಿಲ್ಲ. ಗೇಣಿನೊಳಗಿನ ಬದುವಿನ ತಕರಾರಿಗೆ ಟೇಪು ಬಿಚ್ಚಬಾರದು, ಇಬ್ಬರನ್ನೂ ಕೂರಿಸಿ ಟೀ ಕುಡಿಸಿ ರಾಜಿ ಮಾಡಿಸಬೇಕೆಂಬುದು ನನ್ನ ವೃತ್ತಿಧರ್ಮ. ಹೀಗಾಗಿ ಮೂರು ಸೆಂಟಿಮೀಟರಿಗೆ ಗಾಬರಿಯಾಗುವುದು ಅವಮಾನವೆನಿಸಿ, ಫಿಲಮನ್ನು ಹಳೆಯ ಪಹಣಿಗಳ ಜೊತೆ ಬೀರುವಿನಲ್ಲಿಟ್ಟು ಸುಮ್ಮನಾದೆ. ಹೆಂಡತಿ ಮಾಳಮ್ಮನೂ "ಅಷ್ಟೇ ಅಷ್ಟು ಜಾಗಕ್ಕೆ ಯಾರ್ ಜಗಳ ಆಡ್ತಾರ್ರೀ, ಹೋಗ್ಲಿ ಬಿಡ್ರಿ" ಎಂದು ತೀರ್ಪಿತ್ತಳು. ನಾಲ್ಕು ತಿಂಗಳಲ್ಲಿ ತಾವು ನಾಲ್ಕೂವರೆ ಸೆಂಟಿಮೀಟರಿಗೆ ವಿಸ್ತರಿಸಿ, ಬಲಗಡೆಯೂ ಎರಡು ಸಣ್ಣ ಗುಡಿಸಲು ಹಾಕಿಕೊಂಡಿರಿ. ಕೆಮ್ಮಿದಾಗ ರಕ್ತ ಬಂದ ದಿನ ಮಾಳಮ್ಮ ಕುರಿಗಳನ್ನು ಪಕ್ಕದ ಮನೆಗೆ ಒಪ್ಪಿಸಿ ನನ್ನನ್ನು ಶಿವಮೊಗ್ಗದ ಬಸ್ಸು ಹತ್ತಿಸಿದಳು. ಆ ನಾಲ್ಕು ತಿಂಗಳು ನೆನಪಾದರೆ ಈಗಲೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಅಲ್ಲಿನ ಡಾಕ್ಟರ್ ಸುಷ್ಮಿತಾ, ಎರಡೂ ಕಡೆ ಹರಡಿರುವುದರಿಂದ ಆಪರೇಷನ್ ಮಾಡಿ ತಮ್ಮನ್ನು ಒಕ್ಕಲೆಬ್ಬಿಸಲು ಆಗದೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ತಮ್ಮ ಮೈಯಿಂದ ಒಂದು ಚೂರು ತೆಗೆದು ಜೀನ್ ಪರೀಕ್ಷೆಗೆ ಕಳುಹಿಸಿ, ತಮ್ಮ ಮೂಲ ದಾಖಲೆಯಲ್ಲೇ ಒಂದು ದೋಷ ಪತ್ತೆಹಚ್ಚಿದರು. ಆ ದೋಷವನ್ನೇ ಹಿಡಿದು ಕೆಲಸ ಮಾಡುವ ಮಾತ್ರೆಯಿದೆಯಂತೆ, ದಿನಕ್ಕೊಂದು. "ಪೂರ್ತಿ ವಾಸಿ ಆಗತ್ತೆ ಅಂತ ಹೇಳಲ್ಲ ಸರ್, ಹತೋಟೀಲಿ ಇಡಬಹುದು. ಇದು ನಡೀದಿದ್ರೆ ಬೇರೆ ದಾರಿನೂ ಇದಾವೆ" ಎಂದರು. ದಾಖಲೆಯ ದೋಷದಿಂದ ಜಮೀನು ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೆ, ಅದರಿಂದ ಒಬ್ಬ ಮನುಷ್ಯ ಉಳಿಯಬಹುದೆಂದು ಅಂದೇ ಕೇಳಿದ್ದು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಾವಿಬ್ಬರೂ ಅತ್ತೆವು.

ಮಾತ್ರೆ ಶುರುವಾದ ಮೇಲೆ ಅರವತ್ತಮೂರರ ಪ್ರಾಯದಲ್ಲಿ ನನ್ನ ಮುಖದ ತುಂಬ ಮೊಡವೆ ಎದ್ದಿವೆ. "ಮದ್ವೆ ಟೈಮ್‌ನಾಗೆ ಹಿಂಗೇ ಇದ್ರಿ" ಎಂದು ಮಾಳಮ್ಮ ನಗುತ್ತಾಳೆ. ಮೂರು ತಿಂಗಳಿಗೆ ತಮ್ಮ ವಿಸ್ತೀರ್ಣ ಎರಡು ಸೆಂಟಿಮೀಟರಿಗೆ ಇಳಿಯಿತು. ತಮಗಾದ ನಷ್ಟಕ್ಕೆ ಹೃತ್ಪೂರ್ವಕ ಸಂತಾಪಗಳು.

ಈಗ ನನ್ನ ಬಿನ್ನಹ. ತಮಗೆ ಜಾಗವೇ ಬೇಕಿದ್ದರೆ ನನ್ನ ಸೊಂಟದ ಸುತ್ತ ಯಾವ ಉಪಯೋಗಕ್ಕೂ ಬಾರದ ಕರಾಬು ಜಮೀನು ಧಾರಾಳವಾಗಿದೆ, ದಯಮಾಡಿ ಅಲ್ಲಿಗೆ ಸ್ಥಳಾಂತರಗೊಳ್ಳಿ. ಇದ್ದಲ್ಲೇ ಸಕ್ರಮವಾಗಬೇಕೆಂಬ ಹಟವಿದ್ದರೆ, ನನ್ನ ತಂದೆಯ ಕಾಲದಿಂದಲೂ ಇಲ್ಲಿ ಸಾಗುವಳಿ ಮಾಡುತ್ತಿದ್ದೀರೆಂಬ ದಾಖಲೆ, ಹೃದಯ ಮತ್ತು ಪಿತ್ತಕೋಶದ ಸಾಕ್ಷಿ ಸಹಿ, ತಮ್ಮ ನಗುಮುಖದ ಭಾವಚಿತ್ರ ಲಗತ್ತಿಸಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿ. ಅರ್ಜಿ ವಿಲೇವಾರಿಯಾಗುವವರೆಗೆ ಕೂದಲೆಳೆಯಷ್ಟೂ ಬೆಳೆಯಕೂಡದು. ಕಡತಗಳ ವೇಗ ಬಲ್ಲವನಾದ್ದರಿಂದ ಹೇಳುತ್ತೇನೆ, ಅಷ್ಟರಲ್ಲಿ ನನಗೆ ತೊಂಬತ್ತು ದಾಟಿರುತ್ತದೆ.

ಸೋಮವಾರ ಮತ್ತೆ ಸ್ಕ್ಯಾನು. ತಾವು ಮತ್ತೆ ಬೆಳೆದಿದ್ದರೆ ಈ ಮಾತ್ರೆ ಬಿಟ್ಟು ಬೇರೆ ಔಷಧ ನೋಡಬೇಕಂತೆ. ನನಗೆ ಭಯವಿದೆ, ಅದನ್ನು ತಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ, ಒಳಗೇ ಇದ್ದೀರಿ. ಮಾಳಮ್ಮನ ಜೊತೆ ನನಗೆ ಇನ್ನೂ ಬಹಳ ವರ್ಷ ಜಗಳವಾಡಬೇಕಿದೆ.

ತಮ್ಮನ್ನು ಹೊತ್ತು ತಿರುಗುವ ಕರ್ಮಕ್ಕೆ ಸಿಕ್ಕಿಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಉಜ್ಜಪ್ಪ

ವಿ.ಸೂ.: ನಾನು ಹೆಚ್ಚು ದಿನ ಇರುವುದಿಲ್ಲವೆಂಬ ಸುದ್ದಿ ಕೇಳಿ ಸೊರಬದ ಕಡೆಯ ಕುಪ್ಪಗಡ್ಡೆ ಊರಿನ ರೈತ ಜಟ್ಟಪ್ಪ ಮೊನ್ನೆ ಬಂದು, ಕೈ ಹಿಡಿದು ಅತ್ತು, ಇಪ್ಪತ್ತು ವರ್ಷದ ಹಿಂದೆ ನಾನು ನೆಡಿಸಿದ್ದ ಗಡಿಕಲ್ಲನ್ನು ಕಿತ್ತು ಪಕ್ಕದವರ ಗದ್ದೆಯೊಳಕ್ಕೆ ಎರಡು ಮಾರು ಸರಿಸಿದ್ದಾಗಿ ಒಪ್ಪಿಕೊಂಡ. ಮಾತ್ರೆ ಹಿಡಿಸಿದೆ, ಸ್ಕ್ಯಾನು ಮುಗಿಸಿ ಟೇಪಿನೊಂದಿಗೆ ಬರುತ್ತೇನೆ ಎಂದೆ. ನಿನ್ನೆ ಅವನ ಫೋನು ಬಂತು, ಕಲ್ಲು ಮೊದಲಿನ ಜಾಗಕ್ಕೆ ಹೋಗಿದೆಯಂತೆ. ಜಟ್ಟಪ್ಪನಿಗಿರುವಷ್ಟು ಮಾನ ಮರ್ಯಾದೆ ತಮಗೂ ಇದೆಯೋ ಇಲ್ಲವೋ, ಸೋಮವಾರ ನೋಡುತ್ತೇನೆ.