ಮೊದಲು ನೀರು, ಆಮೇಲೆ ಪ್ರಶ್ನೆ

ನಮ್ಮ ಚಿಕ್ಕಪ್ಪನನ್ನು ಮದುವೆಗೆ ಕರೆಯುವುದೂ ಒಂದೇ, ಕರೆಂಟಿರುವಾಗ ಫ್ಯೂಸಿಗೆ ಕೈ ಹಾಕುವುದೂ ಒಂದೇ ಎಂದು ನಮ್ಮ ಬಳಗದಲ್ಲಿ ಒಂದು ಮಾತುಂಟು. ಅವನೇನು ಕುಡುಕನಲ್ಲ, ಜಗಳಗಂಟನಲ್ಲ, ಎಲೆಯಲ್ಲಿ ಹುಳುಕು ಹುಡುಕುವವನೂ ಅಲ್ಲ. ಪ್ರಶ್ನೆ ಕೇಳುತ್ತಾನೆ, ಅಷ್ಟೇ! ನನ್ನ ಮದುವೆಯಲ್ಲೇ ನೋಡಿ. ರಾಯದುರ್ಗದ ಕಲ್ಯಾಣಮಂಟಪ, ಮೊದಲ ಪಂಕ್ತಿ, ಒಬ್ಬಟ್ಟು ಬಿದ್ದಾಗಿದೆ, ತುಪ್ಪ ಇನ್ನೇನು ಬೀಳಬೇಕು. ಆಗ ಈತ ಕಿಟಕಿಯಾಚೆ ಬೊಟ್ಟು ಮಾಡಿ, "ಡೋಲು ಬಾರ್ಸಿದೋರು ಬೇವಿನ ಮರದ ಕೆಳಗೆ ಕುಂತವ್ರಲ್ಲ, ಅವ್ರಿಗೆ ಎಲೆ ಯಾವಾಗ? ಎಲ್ಲಿ?" ಎಂದು ಬಡಿಸುವವನನ್ನು ಕೇಳಿದ. ಬಡಿಸುವವನು ಬೀಗರನ್ನು ನೋಡಿದ. ಬೀಗರು ನಮ್ಮಪ್ಪನನ್ನು ನೋಡಿದರು. ನಮ್ಮಪ್ಪ ತುಪ್ಪವನ್ನು ನೋಡಿದ. ನನ್ನ ಮಾವನವರು ಮೆಲ್ಲಗೆ, "ಯಾವ ಪೇಪರಿನವರ್ರಿ ಇವರು?" ಎಂದರು. "ಪೇಪರಿನೋರಲ್ಲ, ನನ್ನ ತಮ್ಮ" ಎಂದ ಅಪ್ಪನ ದನಿ ಕಳ್ಳತನ ಒಪ್ಪಿಕೊಂಡವನ ದನಿಯಂತಿತ್ತು.

ಡೋಲಿನವರಿಗೆ ಎರಡನೇ ಪಂಕ್ತಿಯಲ್ಲಿ ಒಳಗೇ ಎಲೆ ಹಾಕಿದರು, ಅದು ಬೇರೆ ಮಾತು. ಆದರೆ ಅಲ್ಲಿಂದೀಚೆಗೆ ಬಳಗದ ಲಗ್ನಪತ್ರಿಕೆಗಳು ಚಿಕ್ಕಪ್ಪನಿಗೆ ಮದುವೆ ಮುಗಿದ ಮೇಲೆ ತಲುಪತೊಡಗಿದವು. ಎಲ್ಲರೂ ಪೋಸ್ಟಿನವನನ್ನು ಬೈದರು. ಪಾಪ, ಪೋಸ್ಟಿನವನು!

ಚಿಕ್ಕಪ್ಪ ಆಂಧ್ರದ ಗಡಿಯಲ್ಲಿ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಸೋಷಿಯಲ್ ಮೇಷ್ಟ್ರು. ಹುಟ್ಟಿದ್ದು ಮಡಕಶಿರಾದಿಂದ ಗುಡಿಬಂಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ನೌಕರಿಯ ಬಹುಪಾಲು ಕಳೆದದ್ದು ರಾಯದುರ್ಗದಲ್ಲಿ. ನಾನೂ ಮದುವೆಯಾಗಿ ಅದೇ ಊರಿಗೆ ಬಂದು ಎಮ್ಮಾರ್ವೋ ಆಫೀಸಿನಲ್ಲಿ, ಎಂದರೆ ತಹಸೀಲ್ದಾರರ ಕಚೇರಿಯಲ್ಲಿ, ಗುಮಾಸ್ತೆಯಾದವಳು. ಪುಸ್ತಕದ ಪಾಠಗಳನ್ನು ಸಂಕ್ರಾಂತಿಯೊಳಗೆ ಮುಗಿಸಿ, ಆಮೇಲೆ ಅವನು ತನ್ನದೇ ಒಂದು ಪಾಠ ತೆಗೆಯುತ್ತಿದ್ದ. ಜಗತ್ತಿನಲ್ಲಿ ಯಾರು ಯಾರನ್ನು ಯಾಕೆ ಹಿಂಸಿಸಿದರು, ಈಗ ಯಾರು ಹಿಂಸಿಸುತ್ತಿದ್ದಾರೆ, ಅದನ್ನು ಹುಡುಕುವುದು ಹೇಗೆ, ಬರೆಯುವುದು ಹೇಗೆ ಎಂಬ ಪಾಠ. ‘ಹಿಂಸೆ’ ಎಂದರೆ ಮಕ್ಕಳು ಅಕ್ಟೋಬರ್ ಎರಡರ ಭಾಷಣ ಶುರು ಹಚ್ಚಿಕೊಳ್ಳುತ್ತಾರೆಂದು ‘ಕಾಟ’ ಎನ್ನುತ್ತಿದ್ದ. ಮಕ್ಕಳು ಸುಮ್ಮನಿರುತ್ತಾರೆಯೇ? ಅವನು ಊರಿಗೆಲ್ಲ ಕಾಟದ ಮೇಷ್ಟ್ರಾದ.

ಮೊದಲು ದೂರದ ದೇಶಗಳ ಕಥೆ. ಧರ್ಮ ಬೇರೆಯೆಂದು ಮನೆ ಬಿಡಿಸಿಕೊಂಡವರು, ಗಡಿ ಎಳೆದಾಗ ರೈಲಿನ ಮೇಲೆ ಕೂತು ಓಡಿಬಂದವರು, ಇವತ್ತು ದೋಣಿಯಲ್ಲಿ ಸಮುದ್ರಕ್ಕೆ ಇಳಿಯುವವರು. ಮಕ್ಕಳು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಹೇಳುತ್ತಿದ್ದ: "ದೂರದ ಬೆಟ್ಟ ನುಣ್ಣಗೆ ಅಂತಾರೆ. ಕಾಟದ ವಿಷಯದಾಗೆ ಅದು ತಲೆಕೆಳಗು. ದೂರದ ಬೆಟ್ಟದ ಕಲ್ಲು ಮುಳ್ಳೆಲ್ಲ ಕಾಣ್ತವೆ, ನಮ್ಮ ಬೆಟ್ಟನೇ ನುಣ್ಣಗೆ ಕಾಣಾದು. ಅಲ್ಲಿ ಕಾಟ ಕೊಟ್ಟೋನು ನಿಮ್ಮ ಮಾವ ಅಲ್ವಲ್ಲ! ಈಗ ಅದೇ ಕಣ್ಣು ತಗಂಡು ನಿಮ್ಮ ಬೀದಿಗೆ ಹೋಗಿ."

ಹೋಗುವುದಕ್ಕೂ ಅವನ ಕಾಯಿದೆಗಳಿದ್ದವು. ಯಾರ ಮನೆಗೆ ಹೋದರೂ ಮೊದಲು ನೀರು ಕೇಳಿ ಕುಡಿಯಬೇಕು, ಆಮೇಲೆ ಪ್ರಶ್ನೆ. "ಅವ್ರ ನೀರು ಬ್ಯಾಡ, ಕಣ್ಣೀರು ಮಾತ್ರ ಬೇಕು ಅಂದ್ರೆ ಎಂಗೆ?" ಎನ್ನುತ್ತಿದ್ದ. ಒಂದು ಬೀದಿ ಮುಗಿಸುವಷ್ಟರಲ್ಲಿ ಮಕ್ಕಳ ಹೊಟ್ಟೆ ಕೊಡಪಾನವಾಗಿ, ಅರ್ಧ ಸಂಶೋಧನೆ ಬೇಲಿ ಮರೆಯಲ್ಲೇ ಕಳೆಯುತ್ತಿತ್ತು! ಆಮೇಲೆ ಪುಟಕ್ಕೆ ಮೂರು ಕಾಲಂ ಎಳೆಯಬೇಕು: ಕಂಡದ್ದು, ಕೇಳಿದ್ದು, ಗೊತ್ತಿಲ್ಲದ್ದು. ಮೂರನೇ ಕಾಲಂ ಖಾಲಿ ಬಿಟ್ಟವರು ಸುಳ್ಳು ಬರೆದಿದ್ದಾರೆಂದೇ ಲೆಕ್ಕ. ‘ಪಾಪ’ ಎಂಬ ಮಾತು ಎಲ್ಲೂ ಬರಕೂಡದು. ಒಬ್ಬ ಹುಡುಗ ಒಂದೇ ಪುಟದಲ್ಲಿ ಹನ್ನೊಂದು ಸಲ ಪಾಪ ಬರೆದಿದ್ದ. ಹನ್ನೊಂದನ್ನೂ ಹೊಡೆದು ಹಾಕಿ, "ಪಾಪ ಅನ್ಸಿದ್ದು ನಿನಗೆ. ಆ ಯಮ್ಮಂಗೆ ಏನಾಯ್ತು, ಅದ್ನ ಬರಿ" ಎಂದ. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಬರೆದದ್ದನ್ನು ಕಾಟ ತಿಂದವರ ಮುಂದೆ ಕೂತು ಓದಬೇಕು, ಕಾಟ ಕೊಟ್ಟವರ ಮುಂದೆಯೂ ಓದಬೇಕು. ಅವರು ತಪ್ಪು ತೋರಿಸಿದರೆ ತಿದ್ದಿ, ಮತ್ತೆ ಹೋಗಿ ಓದಬೇಕು.

ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಟೀ ಹೋಟೆಲಿತ್ತು. ಒಳಗೆ ಗಾಜಿನ ಲೋಟ, ಹೊರಗಿನ ಗೂಟಕ್ಕೆ ನೇತು ಹಾಕಿದ ಸ್ಟೀಲ್ ಲೋಟ. ಇಬ್ಬರು ಹುಡುಗಿಯರು ಹೋಗಿ ಕಾರಣ ಕೇಳಿದರು. ಮಾಲೀಕ ಮಿರ್ಚಿ ಕರಿಯುತ್ತಾ, "ಹೊರಗಿನ್ವು ಸಕ್ರಿ ಕಾಯಿಲೆಯವರಿಗ್ರವ್ವಾ. ಕಲಸಬಾರ್ದು ಅಂತ ಬ್ಯಾರೆ ಇಟ್ಟೀನಿ" ಎಂದ. ಹುಡುಗಿಯರು ವಾದ ಮಾಡಲಿಲ್ಲ. ಬೆಂಚಿನ ಮೇಲೆ ಕೂತು ನೋಡಿದರು. ಮರುದಿನ ‘ಕೇಳಿದ್ದು’ ಕಾಲಮ್ಮಿನಲ್ಲಿ: "ಹೊರಗಿನ ಲೋಟ ಸಕ್ಕರೆ ಕಾಯಿಲೆಯವರಿಗೆ ಎಂದು ಮಾಲೀಕರು ಹೇಳಿದರು." ‘ಕಂಡದ್ದು’ ಕಾಲಮ್ಮಿನಲ್ಲಿ: "ಹೊರಗಿನ ಲೋಟದಲ್ಲಿ ಕುಡಿದ ಆರು ಜನರೂ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡರು."

ಅದನ್ನು ಮಾಲೀಕನೆದುರಿಗೆ ಓದಿದಾಗ ಹೋಟೆಲಿಗೆ ಹೋಟೆಲೇ ನಕ್ಕಿತು. ವಾರದೊಳಗೆ ಗೂಟ ಖಾಲಿಯಾಯಿತು, ಎಲ್ಲರಿಗೂ ಒಂದೇ ಲೋಟ. ಚಿಕ್ಕಪ್ಪನಿಗೆ ಮಾತ್ರ ಆ ಹೋಟೆಲಿನಲ್ಲಿ ಮತ್ತೆ ಯಾವ ಲೋಟದಲ್ಲೂ ಟೀ ಸಿಗಲಿಲ್ಲ. "ಹಾಲು ಒಡದೈತ್ರೀ ಸರ" ಎನ್ನುತ್ತಿದ್ದ ಮಾಲೀಕ. ವರ್ಷಗಟ್ಟಲೆ ಒಡೆದೇ ಇದ್ದ ಹಾಲನ್ನು ನಾನು ಅಲ್ಲೊಂದೇ ಕಡೆ ಕಂಡದ್ದು.

ಮದುವೆ ಯಾಕಾಗಲಿಲ್ಲ ಎಂದು ಕೇಳುತ್ತೀರೇನೋ. ಒಂದೇ ಒಂದು ಸಲ ಹೆಣ್ಣು ನೋಡಲು ಹೋಗಿದ್ದ. ಹುಡುಗಿಯ ಅಜ್ಜಿಯ ಹತ್ತಿರ ಕೂತು, ನೀರು ಕೇಳಿ ಕುಡಿದು, "ಈ ಮನೆಗೆ ಸೊಸೆಯಾಗಿ ಬಂದಾಗ ನಿಮಗೆ ಏನೇನು ಕಾಟ ಆಯ್ತಮ್ಮ?" ಎಂದ. ಅಜ್ಜಿ ಎರಡು ಗಂಟೆ ಹೇಳಿದಳು. ಅದನ್ನು ಕೇಳುತ್ತಿದ್ದ ಹುಡುಗಿಯ ತಾಯಿ ಸೆರಗು ಸಿಕ್ಕಿಸಿಕೊಂಡು, ಅದೇ ಅಜ್ಜಿ ತನಗೆ ಕೊಟ್ಟ ಕಾಟದ ಪಟ್ಟಿ ಬಿಚ್ಚಿದಳು. ಬಾಗಿಲ ಹಿಂದೆ ಎಲ್ಲವನ್ನೂ ಕೇಳಿಸಿಕೊಂಡ ಹುಡುಗಿ, ನನಗೆ ಮದುವೆಯೇ ಬೇಡ ಎಂದುಬಿಟ್ಟಳು!

ಇದನ್ನೆಲ್ಲ ಹೇಳಿ ಹೇಳಿ ನಾವು ನಕ್ಕಿದ್ದೇವೆ. ಆದರೆ ಭಾನುವಾರ ಕ್ಯಾರಿಯರಿನಲ್ಲಿ ಊಟ ತೆಗೆದುಕೊಂಡು ಕೋಟೆ ಬೆಟ್ಟದ ಕೆಳಗಿನ ಅವನ ರೂಮಿಗೆ ಹೋದರೆ ನನಗೆ ನಗು ಬರುತ್ತಿರಲಿಲ್ಲ. ಎರಡು ಕುರ್ಚಿಗಳಿದ್ದವು. ಒಂದರ ಬೆತ್ತ ಕೂತು ಕೂತು ಜೋತು ಬಿದ್ದಿತ್ತು. ಇನ್ನೊಂದರ ಮೇಲೆ ಅಂಗಡಿಯವನು ಸುತ್ತಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ಊರಿನ ಎಲ್ಲ ಬಾಗಿಲಿಗೂ ಮಕ್ಕಳನ್ನು ಕಳಿಸಿದವನ ಬಾಗಿಲಿಗೆ ನಾನಲ್ಲದೆ ಯಾರೂ ಬರುತ್ತಿರಲಿಲ್ಲ. ನಾನು ನೆಲದ ಮೇಲೆ ಕೂರುತ್ತಿದ್ದೆ. ಆ ಪ್ಲಾಸ್ಟಿಕ್ಕು ಕೀಳಲು ನನಗ್ಯಾಕೋ ಧೈರ್ಯವಾಗುತ್ತಿರಲಿಲ್ಲ.

ರಿಟೈರಾಗಲು ಎರಡು ವರ್ಷವಿದೆ ಎನ್ನುವಾಗ ಮಡಕಶಿರಾ ಕಡೆಗೆ ಬದಲಿಯಾಯಿತು, ಹುಟ್ಟಿದೂರಿನಿಂದ ಆಟೋದಲ್ಲಿ ಅರ್ಧ ಗಂಟೆ ದಾರಿಯ ಶಾಲೆಗೆ. ನಾವೆಲ್ಲ ಖುಷಿಪಟ್ಟೆವು. ಅವನು ಮಾತ್ರ, "ಅಲ್ಲಿಗೆ ಬ್ಯಾಡ್ವಾಗಿತ್ತು ಮಗಾ" ಎಂದ. ಇದೂ ಅವನ ವಿಚಿತ್ರಗಳಲ್ಲೊಂದು ಎಂದುಕೊಂಡೆ.

ಅಲ್ಲೂ ಸಂಕ್ರಾಂತಿ ಕಳೆಯಿತು, ಕಾಟದ ಪಾಠ ಶುರುವಾಯಿತು. ಒಂದು ದಿನ ಫೋನು. "ಮಗಾ, ಭಾನುವಾರ ಬತ್ತೀಯ? ಒಬ್ರ ಮನೆಗೆ ಹೋಗಬೇಕು. ಒಬ್ನೇ ಹೋಗಕ್ಕಾಗ್ತಿಲ್ಲ."

ಸಾವಿರ ಬಾಗಿಲು ತಟ್ಟಿಸಿದವನ ಬಾಯಲ್ಲಿ ಈ ಮಾತೇ? ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿಕೊಂಡು ಹೋದೆ. ಒಂದು ನೋಟ್‌ಬುಕ್ಕು ನನ್ನ ಮುಂದಿಟ್ಟ. ನಮ್ಮ ಹಳ್ಳಿಯಿಂದಲೇ ಬರುವ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳದು. ಅವಳ ಅಜ್ಜಿ ಹನುಮಕ್ಕನ ಬಗ್ಗೆ ಬರೆದಿದ್ದಳು. ಹನುಮಕ್ಕ ಎರಡನೇ ಕ್ಲಾಸಿನಲ್ಲಿದ್ದಾಗ, ಬಾಯಾರಿ, ಯಾರಿಗೂ ಕಾಯದೆ ಶಾಲೆಯ ಮಡಕೆಯಿಂದ ತಾನೇ ನೀರು ಮೊಗೆದು ಕುಡಿದಳು. ಊರ ಹಿರಿಯರು ಕೂತು, ಅವಳ ಕೇರಿಯವರಿಗೆ ಕೂಲಿ ಇಲ್ಲ, ಅಂಗಡಿ ಇಲ್ಲ, ಬಾವಿ ಇಲ್ಲ, ಯಾರೂ ಮಾತಾಡಿಸುವಂತಿಲ್ಲ ಎಂದು ಕಟ್ಟು ಹಾಕಿದರು. ಒಂದು ಇಡೀ ಬೇಸಿಗೆ. ಹನುಮಕ್ಕ ಮತ್ತೆ ಶಾಲೆಗೆ ಹೋಗಲಿಲ್ಲ. ಮುಂದೆ ನಿಂತು ಕಟ್ಟು ಹಾಕಿದವರ ಹೆಸರೂ ಇತ್ತು. ಅದು ನಮ್ಮ ತಾತನ ಹೆಸರು. ಆ ತಾತನ ತೊಡೆಯ ಮೇಲೆ ಕೂತು ಸುಟ್ಟ ಕಡಲೆಕಾಯಿ ತಿಂದವಳು ನಾನು.

ಹುಡುಗಿ ಸ್ಟಾಫ್ ರೂಮಿಗೆ ಬಂದು, "ಸಾರ್, ಕಾಟ ಕೊಟ್ಟೋರ ಮುಂದೇನೂ ಓದ್ಬೇಕು ಅಂದಿದ್ರಲ್ಲ. ಅವರಿಲ್ಲ, ನೀವು ಅವ್ರ ಮಗ, ಅದುಕ್ಕೆ ನಿಮ್ತಾವ ಬಂದೆ" ಎಂದು ನಿಂತು ಓದಿದಳಂತೆ. ಮೂರನೇ ಕಾಲಮ್ಮಿನಲ್ಲಿ ಒಂದೇ ಸಾಲಿತ್ತು: "ಕ್ಲಾಸಿನ ಒಬ್ಬ ಹುಡುಗ ನೋಡಿ ಮನೆಯಲ್ಲಿ ಹೇಳಿದ. ಅವನು ಯಾರೆಂದು ಅಜ್ಜಿಗೆ ಗೊತ್ತಿಲ್ಲ." ಅದರ ಪಕ್ಕದಲ್ಲಿ ಚಿಕ್ಕಪ್ಪನ ಗುಂಡು ಅಕ್ಷರದಲ್ಲಿ ಒಂದು ಪದ: "ನಾನು."

"ಹನುಮಿ ನೀರು ಕುಡುದ್ಲು ಅಂತ ಸುಮ್ಕೆ ಹೇಳ್ದೆ ಮಗಾ. ಉಣ್ಣಾವಾಗ. ಸಾರು ಚೆನ್ನಾಗೈತೆ ಅಂತ ಹೇಳಾ ಅಂಗೆ."

ನಾನು ಏನೆಂದೆ ಗೊತ್ತೇ? "ಏಳು ವರ್ಷದ ಹುಡುಗನ ಮಾತು. ಸತ್ತವರ ವಿಷಯ ಈಗ್ಯಾಕೆ ಚಿಕ್ಕಪ್ಪ, ಬಿಡು" ಎಂದೆ. ಸಕ್ಕರೆ ಕಾಯಿಲೆಯ ಹೋಟೆಲಿನವನಿಗೂ ನನಗೂ ಏನು ವ್ಯತ್ಯಾಸ? ಚಿಕ್ಕಪ್ಪ ಬೈಯಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಾನೇ ಬರೆದ ಒಂದು ಪುಟವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟ.

ಹನುಮಕ್ಕ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಏಳಲಿಲ್ಲ, ಕೂರಿ ಎನ್ನಲೂ ಇಲ್ಲ. ಈಗ ನೀರು ಕೇಳುತ್ತಾನೆ ಎಂದು ನಾನು ಕಾದೆ. ಅವನ ಬಾಯಿಂದ ಆ ಮಾತು ಹೊರಡಲಿಲ್ಲ. ಕೇಳಲು ಯಾವ ಮುಖವಿತ್ತು ಅವನಿಗೆ? ನಿಂತೇ ಓದಿದ. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ, "ಮಡಕೆ ಅಂತ ಬರ್ದಿದೀರ. ಮಡಕೆ ಅಲ್ಲ ಸಾಮಿ, ಹಿತ್ತಾಳೆ ಕೊಡಪಾನ. ತಪ್ಪೈತೆ" ಎಂದಳು.

"ಅಜ್ಜೀ, ನೀನೇ ನನಗೆ ಮಡಕೆ ಅಂದಿದ್ದೆ!" ಎಂದಳು ಮೊಮ್ಮಗಳು.

"ಅವಾಗ ಮರ್ತಿದ್ದೆ. ತಿದ್ಕಂಡ್ ಬರ್ರಿ ಸಾಮಿ."

ಮುಂದಿನ ಭಾನುವಾರ ಕೊಡಪಾನವಾಗಿ ತಿದ್ದಿಕೊಂಡು ಹೋದ. ಅವತ್ತು ಸೋಮವಾರವಲ್ಲ, ಸಂತೆಯ ದಿನ ಎಂದಳಂತೆ. ಅದರ ಮುಂದಿನ ವಾರ, ಮೊಗೆದದ್ದು ಬಲಗೈಯಲ್ಲಲ್ಲ, ಎಡಗೈಯಲ್ಲಿ. ವಾರವಾರವೂ ಒಂದು ತಪ್ಪು! ವಾರವಾರವೂ ಹೊಸದಾಗಿ ಬರೆದ ಪುಟ! ಫೋನಿನಲ್ಲಿ, "ಮುದುಕಿಗೆ ಇನ್ನಾ ಸಿಟ್ಟು ಇಳಿದಿಲ್ಲ ಕಣೇ" ಎನ್ನುತ್ತಿದ್ದ. ದನಿಯಲ್ಲಿ ಮಾತ್ರ ನಾನೆಂದೂ ಕೇಳಿರದ ಗೆಲುವು. ಶನಿವಾರವೇ ಅಂಗಿಗೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದನಂತೆ.

ಹೋದ ತಿಂಗಳು ನಾನೂ ಜೊತೆಗೆ ಹೋದೆ. ಜಗಲಿ ಗುಡಿಸಿತ್ತು, ಒಂದು ಚಾಪೆ ಹಾಸಿತ್ತು. ಚಿಕ್ಕಪ್ಪ ಕೂತು ಪುಟ ಬಿಚ್ಚಿದ. ಹನುಮಕ್ಕ ಅವನತ್ತ ನೋಡದೆ ನನಗೆ ಹೇಳಿದಳು: "ಇಸ್ಕೂಲು ಮಕ್ಕಳಿಗೆಲ್ಲ ಮೊದ್ಲು ನೀರು ಕೇಳಿ ಅಂತಾನಂತೆ ನಿಮ್ಮ ಮೇಷ್ಟ್ರು. ಇವನಿಗೆ ಬಾಯಿಲ್ವಾ?"

ಅವನು ಬಿಚ್ಚಿದ ಪುಟವನ್ನು ಮತ್ತೆ ನಾಲ್ಕಾಗಿ ಮಡಿಸಿದ. ಲೋಕಕ್ಕೆಲ್ಲ ಪ್ರಶ್ನೆ ಕೇಳಿದ ಮನುಷ್ಯ ಈ ಒಂದು ಪ್ರಶ್ನೆಗೆ ಎಷ್ಟು ಹೊತ್ತು ತೆಗೆದುಕೊಂಡ!

"ಹನುಮಿ, ಒಂದು ಲೋಟ ನೀರು ಕೊಡ್ತೀಯ?"

ಅವಳು ಮಂಡಿ ಹಿಡಿದುಕೊಂಡು ಎದ್ದು, ಒಳಗೆ ಹೋಗಿ, ಚೊಂಬಿನಲ್ಲಿ ನೀರು ತಂದಳು. ಅವನು ಎತ್ತಿ ಗಟಗಟ ಕುಡಿದ. ಅರ್ಧ ನೀರು ಇಸ್ತ್ರಿ ಅಂಗಿಯ ಮೇಲೆ ಚೆಲ್ಲಿತು. ಅತ್ತದ್ದೋ, ಚೆಲ್ಲಿದ್ದೋ, ಗೊತ್ತಿಲ್ಲದ್ದರ ಕಾಲಮ್ಮಿಗೆ ಹಾಕಿಕೊಳ್ಳಿ. ನಾನಂತೂ ಅತ್ತೆ.

"ಈಗ ಓದು" ಎಂದಳು. ಓದಿದ. ಕೊಡಪಾನ ಸರಿಯಿತ್ತು, ಸಂತೆ ಸರಿಯಿತ್ತು, ಎಡಗೈ ಸರಿಯಿತ್ತು. ಹನುಮಕ್ಕ ಕೊನೆಯವರೆಗೂ ಕೇಳಿ, ಖಾಲಿ ಚೊಂಬನ್ನು ತನ್ನ ಕಡೆ ಎಳೆದುಕೊಂಡಳು.

"ಇನ್ನಾ ಒಂದು ತಪ್ಪೈತೆ."

"ಯಾವುದು?"

"ಮುಂದಿನ ವಾರ ಬಾರೋ, ಹೇಳ್ತೀನಿ."