ಪಟ್ಟಿಯಲ್ಲಿರದ ಟಿ.ವಿ.

"ಒಂದೇ ಗಂಟೆ! ಒಂದೇ ಗಂಟೇಲಿ ಈ ಮನೆಗೆ ಹೊಸ ಯುಗ ತರ್ತೀನಿ!" ಎಂದು ಡೆಲ್ಬರ್ಟ್ ಶುಕ್ರವಾರ ಬೆಳಗ್ಗೆ ಸ್ಕ್ರೂಡ್ರೈವರ್ ಎತ್ತಿ ಘೋಷಿಸಿದ.

ಮನೆ ಎಂದರೆ ಚಕ್ರದ ಮೇಲಿನ ಮನೆ, ಮೋಟಾರ್‌ಹೋಮ್. ಕೆನಡಾದ ಸಸ್ಕ್ಯಾಚೆವಾನಿನ ಚಳಿಗೆ ಹೆದರಿ ಗಂಡ ಹೆಂಡತಿ ಹನ್ನೊಂದು ವರ್ಷಗಳಿಂದ ಅದರಲ್ಲೇ ಅರಿಜೋನಾದ ಮರಳುಗಾಡಿಗೆ ಬಂದು ಬೀಡುಬಿಡುತ್ತಿದ್ದರು. ಅಷ್ಟೂ ವರ್ಷ ಡೆಲ್ಬರ್ಟ್ ತಂದ ಹೊಸ ಯುಗಗಳನ್ನೆಲ್ಲ ಗುಡಿಸಿ, ಒರೆಸಿ ಲೋರ್ನಾಗೆ ಸಾಕುಸಾಕಾಗಿತ್ತು.

"ಯಾವ ಯುಗ ಬೇಕಾದ್ರೂ ತಾ ಮಹಾರಾಯ. ನಾಳೆ ಎರಡು ಗಂಟೆಗೆ ನನಗೆ ಟೆಸ್ಸಾ ಕಾಣ್ಬೇಕು, ಅಷ್ಟೇ."

ಟೆಸ್ಸಾ ಮೊಮ್ಮಗಳು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದಲ್ಲಿ ಪ್ರಾಂತ್ಯದ ಫೈನಲ್ ತಲುಪಿದ್ದಳು. ಅದು ಚಳಿಗಾಲದ ಆಟ. ಇವರೋ ಚಳಿಗಾಲ ಬಂತೆಂದರೆ ಓಡಿಹೋಗುವವರು! ಅವಳ ಒಂದು ಪಂದ್ಯವನ್ನೂ ಅಜ್ಜಿ ಕಣ್ಣಾರೆ ಕಂಡಿರಲಿಲ್ಲ. ಈಗ ಮೊದಲ ಸಲ ಟಿ.ವಿ.ಯಲ್ಲಿ ನೇರಪ್ರಸಾರ.

ಡ್ರೈವರ್ ಸೀಟಿನ ಮೇಲಿನ ಗೂಡಿನಲ್ಲಿದ್ದ ಹಳೆಯ ಡಬ್ಬಾ ಟಿ.ವಿ.ಯನ್ನು ಡೆಲ್ಬರ್ಟ್ ಕೆಳಗಿಳಿಸಿದಾಗ ಅವನ ಸೊಂಟ ಕಟಕ್ಕೆಂದಿತು. ಏದುಸಿರು ಬಿಡುತ್ತ ಅದನ್ನು ಹೊತ್ತೊಯ್ದು, ಶಿಬಿರದ ಸಾರ್ವಜನಿಕ ನಲ್ಲಿಯ ಪಕ್ಕದ 'ಬೇಕಾದವರು ಒಯ್ಯಿರಿ' ಮೇಜಿನ ಮೇಲೆ ಕುಕ್ಕಿ ಬಂದ.

ಹೊಸದಾಗಿ ತಂದದ್ದು ಒಂದಲ್ಲ, ಎರಡು ಚಪ್ಪಟೆ ಟಿ.ವಿ.! ಎರಡೂ ಆ ಗೂಡಿಗೆ ಹಿಡಿಯಲಿಲ್ಲ. ಸರಿ, ಬಚ್ಚಲಿನ ಗೋಡೆಗೇ ಒಂದು ಕಬ್ಬಿಣದ ಕೈ ಜೋಡಿಸಿ ತೂಗುಹಾಕೋಣ ಎಂದು ಹೊರಟ. ಮೋಟಾರ್‌ಹೋಮಿನ ಗೋಡೆ ಬಿಸ್ಕತ್ತಿನಷ್ಟು ದಪ್ಪ. ಸ್ಕ್ರೂ ಅತ್ತ ಕಡೆ ಇಣುಕಿತು.

"ಡೆಲ್! ಸ್ನಾನ ಮಾಡೋಳ ಕಿವಿ ಪಕ್ಕ ಸ್ಕ್ರೂ ಬಂತಲ್ಲೋ!"

"ಟವೆಲ್ ನೇತುಹಾಕೋಕೆ ಕಣೇ!"

"ನಾಲ್ಕು ಬಂದ್ವು! ನನಗಿರೋದು ಒಂದೇ ಟವೆಲ್ಲು!"

ಒಂದು ಗಂಟೆಯ ಕೆಲಸ ಒಂಬತ್ತು ಗಂಟೆ ಹಿಡಿಯಿತು. ಸಂಜೆ ಸೋಫಾದ ಕಡೆಗೆ ಕೈ ಚಾಚಿಕೊಂಡು ಹೊಸ ಟಿ.ವಿ. ಬೆಳಗಿತು. ಮಲಗುವ ಕೋಣೆಗೆಂದು ತಂದ ಎರಡನೇ ಟಿ.ವಿ. ಜೋಡಿಸಲು ಅವನಲ್ಲಿ ತ್ರಾಣವಿರಲಿಲ್ಲ. ಪೆಟ್ಟಿಗೆಯ ಸಮೇತ ಅದನ್ನು ಮೊದಲನೆಯದರ ಕೆಳಗೇ ಒರಗಿಸಿಟ್ಟ.

ಶನಿವಾರ ಬೆಳಗ್ಗೆ ಕಕ್ಕಸಿನ ಟ್ಯಾಂಕ್ ತುಂಬಿದ ಕೆಂಪು ದೀಪ ಹತ್ತಿತು. ಅದನ್ನು ಖಾಲಿ ಮಾಡಲು ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಮನೆ ಕದಲುವ ಮುಂಚೆ ಲೋರ್ನಾ ತಪಾಸಣೆಯ ಪಟ್ಟಿ ಓದಬೇಕು, ಡೆಲ್ಬರ್ಟ್ ಜವಾಬು ಕೊಡಬೇಕು. ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ತಪ್ಪದ ವ್ರತ ಅದು.

"ಆಂಟೆನಾ?"

"ಇಳೀತು!"

"ಮೆಟ್ಟಿಲು?"

"ಒಳಗೆ!"

"ಫ್ರಿಜ್ ಬಾಗಿಲು?"

"ಭದ್ರ!"

"ಪಟ್ಟಿ ಮುಗೀತು."

ಡೆಲ್ಬರ್ಟ್ ಗುಂಡಿ ಒತ್ತಿದ. ಬೀಡುಬಿಟ್ಟಾಗ ಜಾಗಕ್ಕೆಂದು ಹೊರಗೆ ಚಾಚಿಕೊಂಡಿರುವ ಸೋಫಾದ ಗೋಡೆ ಸೋಫಾ ಸಮೇತ ಗಂಭೀರವಾಗಿ ಒಳಗೆ ಬರತೊಡಗಿತು. ಕೈ ಚಾಚಿ ನಿಂತಿದ್ದ ಟಿ.ವಿ.ಗೆ ಅದು ಒತ್ತಿ, ಮೇಲೆ ಕರಕ್. ಕೆಳಗೆ ಪೆಟ್ಟಿಗೆಯೊಳಗೆ ಇನ್ನೊಂದು ಕರಕ್.

"ಪಟ್ಟೀಲಿ ಇರ್ಲಿಲ್ಲ," ಎಂದ ಡೆಲ್ಬರ್ಟ್.

"ಹಳೇ ಟಿ.ವಿ.ಗೆ ಕೈ ಇರ್ಲಿಲ್ಲ," ಎಂದಳು ಲೋರ್ನಾ.

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಮೂಗು ಒರೆಸಿಕೊಂಡು ಗಡಿಯಾರ ನೋಡಿದಳು. ಡೆಲ್ಬರ್ಟನಿಗೆ ಭೂಮಿಗಿಳಿದು ಹೋಗುವಂತಾಯಿತು.

ಟ್ಯಾಂಕ್ ಖಾಲಿ ಮಾಡಿ ಮರಳಿದಾಗ ಪಕ್ಕದ ಬೀಡಿನ ಆರ್ಲೋ ಕೂಗಿದ. "ಮೊಮ್ಮಗಳ ಆಟ ಇವತ್ತಲ್ವಾ? ಕುರ್ಚಿ ತಗೊಂಡು ಬನ್ನಿ! ಯಾರೋ ಪೆದ್ದ ಒಳ್ಳೇ ಗಟ್ಟಿಮುಟ್ಟಾದ ಟಿ.ವಿ. ಮೇಜಿನ ಮೇಲೆ ಬಿಟ್ಟು ಹೋಗಿದ್ದ ಮಾರಾಯ!"

"ಪೆದ್ದನೇ ಇರ್ಬೇಕು," ಎಂದ ಡೆಲ್ಬರ್ಟ್ ಸಣ್ಣ ದನಿಯಲ್ಲಿ.

ಎರಡು ಗಂಟೆಗೆ ಸರಿಯಾಗಿ, ಆರ್ಲೋನ ನೆರಳುಚಪ್ಪರದ ಕೆಳಗೆ, ಅದೇ ಡಬ್ಬಾದಲ್ಲಿ ಟೆಸ್ಸಾ ಕಾಣಿಸಿದಳು. ಒಂದೇ ಕಲ್ಲಿನಿಂದ ಸೋತಳು. ಆದರೂ ಕ್ಯಾಮರಾ ಕಡೆ ನಕ್ಕು ಕೈ ಬೀಸಿದಳು. ಅಜ್ಜಿ ಕಣ್ಣು ತುಂಬಿಕೊಂಡು ಡಬ್ಬಾಗೇ ಕೈ ಬೀಸಿದಳು.

ಆಮೇಲೆ ಪಟ್ಟಿ ತೆಗೆದು ಕೊನೆಗೆ ಒಂದು ಸಾಲು ಬರೆದಳು.

"ಇನ್ಮೇಲೆ ಇದನ್ನೂ ಓದ್ತೀನಿ. ಜವಾಬು ಕೊಡು. ಡೆಲ್ಬರ್ಟ್ ಕೈ?"

ಡೆಲ್ಬರ್ಟ್ ನಿಟ್ಟುಸಿರುಬಿಟ್ಟ.

"ಜೇಬಲ್ಲಿ."